ಸೈಕಲಿಗೆ ಎಂಜಿನ್ ಕಟ್ಟಿದ ಕಮ್ಮಾರನ ಮಗ

ನಮ್ಮ ಊರುಗಳ ಏರುತಗ್ಗಿನ ದಾರಿಗಳಲ್ಲಿ ಇಂದು ಗೇರಿಲ್ಲದ ಸ್ಕೂಟರುಗಳು ಓಡಾಡದ ದಿನವಿಲ್ಲ. ಶಾಲೆಗೆ ಹೊರಟ ಅಧ್ಯಾಪಿಕೆ, ಹಾಲಿನ ಸೊಸೈಟಿಗೆ ಹೋಗುವ ಗೃಹಿಣಿ, ಮೊಮ್ಮಗಳನ್ನು ಬಸ್ಸಿಗೆ ಬಿಡುವ ಅಜ್ಜ, ಎಲ್ಲರೂ ಅದನ್ನು ನಡೆಸುತ್ತಾರೆ. ಇವರಲ್ಲಿ ಯಾರಿಗೂ ಕ್ಲಚ್ ಹಿಡಿಯುವ, ಗೇರು ಬದಲಿಸುವ ಗೋಜಿಲ್ಲ. ಬಲಗೈಯ ಹಿಡಿಯನ್ನು ತಿರುಗಿಸಿದರೆ ಗಾಡಿ ಹೊರಡುತ್ತದೆ. ಗುಡ್ಡ ಎದುರಾದರೆ ತಾನಾಗಿಯೇ ಬಲ ಕೂಡಿಸಿಕೊಳ್ಳುತ್ತದೆ. ಅದರ ಹೊಟ್ಟೆಯೊಳಗೆ ಒಂದು ರಬ್ಬರಿನ ಬೆಲ್ಟು, ಎರಡು ಪುಲ್ಲಿಗಳ ನಡುವೆ ಸದ್ದಿಲ್ಲದೆ ಈ ಕೆಲಸವನ್ನು ಮಾಡುತ್ತಿರುತ್ತದೆ.

ಇಷ್ಟು ಸುಲಭವಾದ ಗಾಡಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಒಬ್ಬರಿಂದಲೇ ಆದದ್ದೂ ಅಲ್ಲ. ಆದರೆ ಯಂತ್ರದ ವಿದ್ಯೆ ಅರಿಯದ ಸಾಮಾನ್ಯನ ಕೈಗೆ ಯಂತ್ರವನ್ನು ಒಪ್ಪಿಸಬೇಕೆಂಬ ಹಟವನ್ನು ಬಾಳಿನುದ್ದಕ್ಕೂ ಹಿಡಿದು ಸಾಧಿಸಿದವರಲ್ಲಿ ಜಪಾನಿನ ಸೊಯಿಚಿರೊ ಹೋಂಡಾ ಅವರು ಪ್ರಮುಖರು. ಅವರ ಹೆಸರು ಇಂದು ಗಾಡಿಗಳ ಮೇಲೆ ಬರೆದ ಬರೇ ಒಂದು ಗುರುತಾಗಿ ಉಳಿದಿದೆ. ಆ ಹೆಸರಿನ ಹಿಂದಿದ್ದ ಮನುಷ್ಯನ ಕಥೆಯನ್ನು ನಮ್ಮ ಮಕ್ಕಳೂ ಅವರ ತಂದೆತಾಯಿಗಳೂ ತಿಳಿಯುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಕುಲುಮೆಯ ಮನೆ

ಸೊಯಿಚಿರೊ ಹುಟ್ಟಿದ್ದು 1906ನೇ ನವೆಂಬರ್ 17ರಂದು, ಶಿಜುವೊಕಾ ಪ್ರಾಂತದ ಕೊಮ್ಯೊ ಎಂಬ ಹಳ್ಳಿಯಲ್ಲಿ. ಇಂದು ಆ ಪ್ರದೇಶ ಹಮಾಮಾತ್ಸು ನಗರಕ್ಕೆ ಸೇರಿದೆ. ತಂದೆ ಗಿಹೆಯಿ ಕಮ್ಮಾರರು; ಮುಂದೆ ಸೈಕಲ್ ರಿಪೇರಿಯನ್ನೂ ಮಾಡಿಕೊಂಡಿದ್ದರು. ತಾಯಿ ಮಿಕಾ ನೇಯ್ಗೆಯಲ್ಲಿ ನುರಿತವರು. ಕುಲುಮೆಯ ಬೆಂಕಿ, ಸುತ್ತಿಗೆಯ ಸದ್ದು, ಬಿಚ್ಚಿಟ್ಟ ಸೈಕಲ್ಲಿನ ಬಿಡಿಭಾಗಗಳು, ಇವೇ ಹುಡುಗನ ಆಟದ ಸಾಮಾನುಗಳಾದವು. ತರಗತಿಯ ಪಾಠಗಳಲ್ಲಿ ಅವನು ಹೇಳಿಕೊಳ್ಳುವಂಥ ವಿದ್ಯಾರ್ಥಿಯಾಗಿರಲಿಲ್ಲ. ಊರಿಗೆ ಮೊದಲ ಬಾರಿಗೆ ಮೋಟಾರುಗಾಡಿ ಬಂದಾಗ ಅದರ ಹಿಂದೆ ಓಡಿ, ಅದು ನಿಂತಲ್ಲಿ ನೆಲಕ್ಕೆ ತೊಟ್ಟಿಕ್ಕಿದ ಎಣ್ಣೆಯ ವಾಸನೆಯನ್ನು ಮೂಸಿ ಮರುಳಾದವನು.

1917ರಲ್ಲಿ ಹಮಾಮಾತ್ಸುವಿನಲ್ಲಿ ವಿಮಾನದ ಪ್ರದರ್ಶನವಿದೆಯೆಂದು ಸುದ್ದಿಯಾಯಿತು. ಹುಡುಗ ಶಾಲೆ ತಪ್ಪಿಸಿ, ತಂದೆಯ ದೊಡ್ಡ ಸೈಕಲ್ಲನ್ನು ಹೇಳದೆ ಕೇಳದೆ ಎತ್ತಿಕೊಂಡು ಸುಮಾರು 20 ಕಿಲೋಮೀಟರು ತುಳಿದ. ಸೀಟಿನ ಮೇಲೆ ಕುಳಿತರೆ ಪೆಡಲು ಎಟಕುತ್ತಿರಲಿಲ್ಲವಾದ್ದರಿಂದ ಬಾರಿನ ಕೆಳಗೆ ಕಾಲು ತೂರಿಸಿ ಓರೆಯಾಗಿ ತುಳಿದುಕೊಂಡು ಹೋದ. ನಮ್ಮಲ್ಲಿಯೂ ಒಂದು ತಲೆಮಾರು ಹೀಗೆಯೇ ಸೈಕಲ್ ಕಲಿತದ್ದನ್ನು ಓದುಗರು ಬಲ್ಲರು. ಪ್ರವೇಶದ ಹಣ ಸಾಲದೆ ಹೋದಾಗ ಹತ್ತಿರದ ಪೈನ್ ಮರವನ್ನೇರಿ ವಿಮಾನವನ್ನು ನೋಡಿದ. ಮಗನ ಈ ಸಾಹಸವನ್ನು ಕೇಳಿ ತಂದೆ ಸಿಟ್ಟಾದರೂ ಒಳಗೊಳಗೇ ಮೆಚ್ಚಿದರಂತೆ.

1922ರಲ್ಲಿ, ಹದಿನೈದರ ಹರೆಯದಲ್ಲಿ, ಅವರು ಟೋಕಿಯೋದ ಆರ್ಟ್ ಶೊಕಾಯಿ ಎಂಬ ಮೋಟಾರು ರಿಪೇರಿ ಅಂಗಡಿಯನ್ನು ಸೇರಿದರು. ಯಂತ್ರ ಕಲಿಯಬೇಕೆಂದು ಹೋದ ಹುಡುಗನಿಗೆ ಮೊದಲು ಸಿಕ್ಕಿದ್ದು ಯಜಮಾನರ ಮಗುವನ್ನು ಆಡಿಸುವ ಕೆಲಸ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಅವರು ಇತರರ ಕೆಲಸವನ್ನು ಕಣ್ಣಿಟ್ಟು ನೋಡುತ್ತಿದ್ದರು. ಕೈಗೆ ಸ್ಪ್ಯಾನರು ಬಂದ ಮೇಲೆ ಅವರ ಏಳಿಗೆಯನ್ನು ತಡೆಯುವವರಿರಲಿಲ್ಲ. ಆರು ವರ್ಷಗಳ ಬಳಿಕ, 1928ರಲ್ಲಿ, ಯಜಮಾನರು ತಮ್ಮ ಅಂಗಡಿಯ ಹೆಸರಿನಲ್ಲಿಯೇ ಹಮಾಮಾತ್ಸುವಿನಲ್ಲಿ ಶಾಖೆ ತೆರೆಯಲು ಅವರಿಗೆ ಅನುಮತಿಯಿತ್ತರು.

ಮೂವತ್ತರ ವಿದ್ಯಾರ್ಥಿ

ರಿಪೇರಿಯಲ್ಲಿ ಕೈತುಂಬ ಕೆಲಸವಿದ್ದರೂ ಸ್ವತಃ ಏನನ್ನಾದರೂ ತಯಾರಿಸಬೇಕೆಂಬ ತವಕ ಅವರನ್ನು ಬಿಡಲಿಲ್ಲ. ಎಂಜಿನ್ನಿನ ಪಿಸ್ಟನ್ನಿಗೆ ತೊಡಿಸುವ ಉಂಗುರ, ಅಂದರೆ ಪಿಸ್ಟನ್ ರಿಂಗನ್ನು ಮಾಡಲು ಹೊರಟರು. ನೋಡಲು ಸಣ್ಣ ವಸ್ತು. ಆದರೆ ಎಷ್ಟು ಎರಕ ಹೊಯ್ದರೂ ಸರಿಯಾದ ರಿಂಗು ಬರಲಿಲ್ಲ. ಒಂದೋ ಮುರಿಯುತ್ತಿತ್ತು, ಇಲ್ಲವೇ ಸವೆಯುತ್ತಿತ್ತು. ಬಲ್ಲವರಿಗೆ ತೋರಿಸಿದಾಗ ಲೋಹದಲ್ಲಿ ಸಿಲಿಕಾನ್ ಸಾಲದೆಂದು ತಿಳಿಯಿತು. ಕೈಯ ಚಳಕವೊಂದೇ ಸಾಲದು, ಲೋಹದ ಶಾಸ್ತ್ರವೂ ಬೇಕು ಎಂದು ಅವರಿಗೆ ಮನವರಿಕೆಯಾಯಿತು.

ಆಗ ಅವರು ಮಾಡಿದ ಕೆಲಸ ಇಂದಿಗೂ ಮೆಚ್ಚುವಂಥದು. ಮೂವತ್ತರ ಆಸುಪಾಸಿನಲ್ಲಿ, ಒಂದು ಕಾರಖಾನೆಯ ಹೊಣೆ ಹೊತ್ತಿದ್ದವರು, ಹಮಾಮಾತ್ಸುವಿನ ತಾಂತ್ರಿಕ ಶಾಲೆಗೆ ಹೋಗಿ ಕಿರಿಯ ಹುಡುಗರ ನಡುವೆ ಕುಳಿತು ಪಾಠ ಕೇಳಿದರು. ತಮ್ಮ ಕೆಲಸಕ್ಕೆ ಬೇಕಾದುದನ್ನು ಮನಸ್ಸಿಟ್ಟು ಕಲಿತರು; ಪರೀಕ್ಷೆಗೆ ಮಾತ್ರ ಕುಳಿತುಕೊಳ್ಳಲಿಲ್ಲ. ಹಾಗಾಗಿ ಪ್ರಮಾಣಪತ್ರವೂ ಸಿಗಲಿಲ್ಲ. ಅದರ ಚಿಂತೆಯೂ ಅವರಿಗಿರಲಿಲ್ಲ. ಟೊಯೋಟಾ ಕಂಪೆನಿಗೆ ತಪಾಸಣೆಗಾಗಿ ಒಪ್ಪಿಸಿದ 50 ರಿಂಗುಗಳಲ್ಲಿ ಪಾಸಾದದ್ದು ಮೂರೇ ಮೂರು. ಅವರು ಎದೆಗುಂದದೆ ಮತ್ತೆ ಒಲೆಯ ಮುಂದೆ ನಿಂತರು. ಕೊನೆಗೆ ರಿಂಗುಗಳು ಸರಿಹೋದವು. ಅವರ ಟೋಕಾಯಿ ಸೆಯಿಕಿ ಕಂಪೆನಿ ಬೆಳೆಯಿತು.

ಯುದ್ಧದ ವರ್ಷಗಳಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಕಾರಖಾನೆಗೆ ಬಂದವರು ಪಳಗದ ಹೆಣ್ಣುಮಕ್ಕಳು. ಅವರನ್ನು ಯಂತ್ರಕ್ಕೆ ಹೊಂದಿಸುವ ಬದಲು ಹೋಂಡಾ ಯಂತ್ರವನ್ನೇ ಅವರಿಗೆ ಹೊಂದಿಸಿದರು. ಕೆಲಸವನ್ನು ಸುಲಭವಾಗಿಯೂ ಅಪಾಯವಿಲ್ಲದೆಯೂ ಮಾಡುವಂತೆ ಯಂತ್ರಗಳನ್ನು ಸ್ವಯಂಚಾಲಿತಗೊಳಿಸಿದರು. ವಿಮಾನದ ಮರದ ಪ್ರೊಪೆಲ್ಲರೊಂದನ್ನು ಕೈಯಿಂದ ಕೆತ್ತಲು ಒಂದು ವಾರ ಹಿಡಿಯುತ್ತಿದ್ದ ಕಾಲದಲ್ಲಿ, ಅರ್ಧ ಗಂಟೆಗೆ ಎರಡನ್ನು ಕೆತ್ತುವ ಯಂತ್ರವನ್ನೂ ರೂಪಿಸಿದರು. ಅದು ಯುದ್ಧದ ಸೇವೆಗೆ ಸಂದ ಜಾಣ್ಮೆಯೆಂಬುದನ್ನು ಮರೆಯುವಂತಿಲ್ಲ. ಆದರೆ ಯಂತ್ರವೇ ಮನುಷ್ಯನಿಗೆ ಬಗ್ಗಬೇಕೆಂಬ ಅವರ ಮುಂದಿನ ನಡೆಯ ಬೀಜ ಇಲ್ಲಿದೆ.

ಬಾಂಬಿನ ದಾಳಿಗಳೂ 1945ನೇ ಜನವರಿಯ ಮಿಕಾವಾ ಭೂಕಂಪವೂ ಸೇರಿ ಕಾರಖಾನೆಯನ್ನು ನೆಲಸಮ ಮಾಡಿದವು. ಯುದ್ಧ ಮುಗಿದ ಮೇಲೆ ಅವರು ತಮ್ಮ ಪಾಲನ್ನು 4 ಲಕ್ಷ 50 ಸಾವಿರ ಯೆನ್ನಿಗೆ ಟೊಯೋಟಾದವರಿಗೆ ಮಾರಿ, ಒಂದು ವರ್ಷ ಯಾವ ಉದ್ಯೋಗಕ್ಕೂ ಕೈಹಾಕದೆ ಕುಳಿತರು.

ಬಿಸಿನೀರಿನ ತಗಡು, ವಯರ್‌ಲೆಸ್ಸಿನ ಎಂಜಿನ್

ಸೋತ ಜಪಾನಿನಲ್ಲಿ ಆಗ ಅಕ್ಕಿಗೂ ಬರ, ಪೆಟ್ರೋಲಿಗೂ ಬರ. ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. ದವಸ ತರಲು ಹೆಂಗಸರು ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿಯುತ್ತಿದ್ದರು. ಹೋಂಡಾ ಅವರ ಪತ್ನಿ ಸಾಚಿಯವರೂ ಹೀಗೆ ಅಲೆಯುತ್ತಿದ್ದವರೇ. 1946ರಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಹೋಂಡಾ ಅವರ ಕಣ್ಣಿಗೆ ಒಂದು ಪುಟ್ಟ ಎಂಜಿನ್ ಬಿತ್ತು. ಸೈನ್ಯದ ವಯರ್‌ಲೆಸ್ಸಿಗೆ ವಿದ್ಯುತ್ತು ಒದಗಿಸಲು ಮಾಡಿದ್ದು. ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾಗಿ ಬಿದ್ದದ್ದು. ಅದನ್ನು ಸೈಕಲಿಗೆ ಕಟ್ಟಿದರೆ ಹೇಗೆ ಎಂಬ ಯೋಚನೆ ಆ ಕ್ಷಣಕ್ಕೇ ಹೊಳೆಯಿತು.

ಕಟ್ಟುವುದು ಸುಲಭವಾಗಿರಲಿಲ್ಲ. ಪೆಟ್ರೋಲ್ ಟಾಂಕಿ ಇಲ್ಲದ್ದರಿಂದ, ಚಳಿಗೆ ಹಾಸಿಗೆಯಲ್ಲಿಟ್ಟುಕೊಳ್ಳುವ ಬಿಸಿನೀರಿನ ತಗಡಿನ ಡಬ್ಬವನ್ನೇ ಟಾಂಕಿಯಾಗಿ ಮಾಡಿದರು. ಎಂಜಿನ್ನನ್ನು ಮೊದಲು ಮುಂದಿನ ಚಕ್ರದ ಮೇಲಿಟ್ಟು, ಒಂದು ಉರುಳೆಯನ್ನು ಟಯರಿಗೆ ಒತ್ತಿ ತಿರುಗಿಸಿ ನೋಡಿದರು. ಯುದ್ಧಕಾಲದ ಕಳಪೆ ಟಯರು ಅದಕ್ಕೆ ತಾಳಲಿಲ್ಲ. ಆ ಮೇಲೆ ಎಂಜಿನ್ನನ್ನು ಸೈಕಲ್ಲಿನ ನಡುಭಾಗಕ್ಕೆ ತಂದು, ಅಲ್ಲಿಂದ ಹಿಂದಿನ ಚಕ್ರಕ್ಕೆ ಬೆಲ್ಟು ಹಾಕಿದರು. ಗಾಡಿ ಓಡಿತು.

ಮೊದಲ ಪರೀಕ್ಷೆಗೆ ಅವರು ಆರಿಸಿದ್ದು ಪಳಗಿದ ಮೆಕ್ಯಾನಿಕ್ಕನನ್ನಲ್ಲ, ಸಾಚಿಯವರನ್ನು. ಜನ ತುಂಬಿದ ಬೀದಿಗಳಲ್ಲಿ ಸುತ್ತಿಬರಲು ಹೇಳಿದರು. ಹೆಂಗಸೊಬ್ಬಳು ಹತ್ತಿ ನಡೆಸಬಲ್ಲಳೆಂದು ಊರು ನೋಡಲಿ ಎಂಬುದು ಅವರ ಉದ್ದೇಶ. ಹಿಂದಿರುಗಿದಾಗ ಸಾಚಿಯವರ ಒಳ್ಳೆಯ ಉಡುಪೆಲ್ಲ ಎಣ್ಣೆಯಾಗಿತ್ತು. ಎಣ್ಣೆ ಚಿಮ್ಮುವುದನ್ನು ತಡೆಯಬೇಕೆಂದು ಹೋಂಡಾ ಮತ್ತೆ ಕೆಲಸಕ್ಕೆ ಕುಳಿತರು. ಬಳಸುವವರ ದೂರನ್ನು ಮೊದಲು ಕೇಳಿ ಆಮೇಲೆ ಮಾರಾಟಕ್ಕಿಳಿಯುವ ಈ ಪದ್ಧತಿ ಇಂದಿನ ವ್ಯಾಪಾರಿಗಳಿಗೂ ಪಾಠವಾಗಬೇಕು.

ಸಿಕ್ಕಿದ ಹಳೆಯ ಎಂಜಿನ್ನುಗಳು ಸುಮಾರು 500. ಅವು ಬೇಗನೆ ಮುಗಿದವು. ಪೆಟ್ರೋಲಿನ ಬರದಿಂದಾಗಿ ಪೈನ್ ಮರದ ಬೇರಿನ ಎಣ್ಣೆಯನ್ನು ಬೆರೆಸಿ ಓಡಿಸಬೇಕಾಗಿತ್ತು. ಹೊಗೆಯೂ ಸದ್ದೂ ಅಷ್ಟಿಷ್ಟಲ್ಲ. ಜನ ಆ ಸದ್ದನ್ನೇ ಹೆಸರು ಮಾಡಿ ಬಟಾಬಟಾ ಎಂದು ಕರೆದರು. ದೂರದ ನಗರಗಳಿಂದಲೂ ವ್ಯಾಪಾರಿಗಳು ಹುಡುಕಿಕೊಂಡು ಬಂದರು. 1947ರಲ್ಲಿ ಹೋಂಡಾ ಅವರು ಸ್ವಂತವಾಗಿ ತಯಾರಿಸಿದ 50 ಸಿ.ಸಿ. ಎಂಜಿನ್ ಹೊರಬಂತು. ಅದೇ ಎ ಮಾದರಿ. ಅದರಲ್ಲಿಯೂ ಬೆಲ್ಟೇ ಇತ್ತು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಕೂಡಿಸುವುದಕ್ಕೂ ಬಿಡಿಸುವುದಕ್ಕೂ ಕೈಯಿಂದ ಎಳೆಯುವ ಸನ್ನೆಯೊಂದಿತ್ತು. 1948ನೇ ಸೆಪ್ಟೆಂಬರ್ 24ರಂದು, 10 ಲಕ್ಷ ಯೆನ್ ಬಂಡವಾಳದಿಂದ ಹೋಂಡಾ ಮೋಟಾರ್ ಕಂಪೆನಿ ಸ್ಥಾಪನೆಯಾಯಿತು.

ಗುಡ್ಡ ಕೇಳುವ ಪ್ರಶ್ನೆ

ಇಲ್ಲಿ ಯಂತ್ರದ ಒಂದು ಗುಟ್ಟನ್ನು ವಿವರಿಸುವುದು ಅಗತ್ಯ. ಪುಟ್ಟ ಎಂಜಿನ್ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗಿದರೂ ಪ್ರತಿ ಸುತ್ತಿನ ಬಲ ಕಡಿಮೆ. ಚಕ್ರಕ್ಕಾದರೋ ಸುತ್ತು ಕಡಿಮೆ ಸಾಕು, ಬಲ ಹೆಚ್ಚು ಬೇಕು. ಅದಕ್ಕಾಗಿ ಎಂಜಿನ್ನಿಗೆ ಸಣ್ಣ ಪುಲ್ಲಿ, ಚಕ್ರಕ್ಕೆ ದೊಡ್ಡ ಪುಲ್ಲಿ ಹಾಕಿ ಬೆಲ್ಟು ಸುತ್ತುತ್ತಾರೆ. ಅಕ್ಕಿಯ ಮಿಲ್ಲಿನಲ್ಲಿ ಇದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಮಿಲ್ಲು ನಿಂತಲ್ಲೇ ನಿಂತಿರುತ್ತದೆ, ಗಾಡಿ ಗುಡ್ಡ ಹತ್ತಬೇಕು. ಪುಲ್ಲಿಗಳ ಗಾತ್ರ ಬದಲಾಗದಿದ್ದರೆ ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟು ನಿಲ್ಲುತ್ತದೆ. ಸಪಾಟಿನಲ್ಲಿ ವೇಗ ಸಾಲದು. ಬೆಲ್ಟು ಒದ್ದೆಯಾದರೆ ಜಾರುವುದೂ ಉಂಟು.

ಇದಕ್ಕೆ ಗೇರು ಉತ್ತರ. ಆದರೆ ಗೇರು ಬಂದರೆ ಕ್ಲಚ್ಚೂ ಬರುತ್ತದೆ, ಅದನ್ನು ಕಲಿಯುವ ಕಷ್ಟವೂ ಬರುತ್ತದೆ. 1949ರ ಡಿ ಮಾದರಿಯಲ್ಲಿ ಹೋಂಡಾ ಬೆಲ್ಟನ್ನು ಬಿಟ್ಟು ಚೈನು ಹಾಕಿದರು. ಕೈಕ್ಲಚ್ಚು ಇರಲಿಲ್ಲ. ಏರಿನಲ್ಲಿ ಮಾತ್ರ ಕಾಲಿನ ಬೆರಳಿನಿಂದ ಪೆಡಲನ್ನು ಒತ್ತಿಯೇ ಇಟ್ಟುಕೊಳ್ಳಬೇಕಾಗಿತ್ತು. ಉದ್ದದ ಗುಡ್ಡಗಳಲ್ಲಿ ಕಾಲು ಸೋಲುತ್ತಿತ್ತು. ಜನರಿಗೆ ಅದು ಹಿಡಿಸಲಿಲ್ಲ.

ಅದೇ ವರ್ಷ ತಕೆಯೊ ಫುಜಿಸಾವಾ ಎಂಬವರು ಜತೆಗೂಡಿದರು. ಹಣ ಮತ್ತು ವ್ಯಾಪಾರ ಅವರದು, ಯಂತ್ರ ಹೋಂಡಾ ಅವರದು; ಈ ವಿಭಜನೆ ಕೊನೆಯವರೆಗೂ ನಡೆಯಿತು. 1952ರಲ್ಲಿ ಸೈಕಲ್ಲಿನ ಹಿಂದಿನ ಚಕ್ರದ ಬದಿಗೆ ಜೋಡಿಸುವ ಕಬ್ ಎಂಬ ಎಂಜಿನ್ ಬಂದಾಗ, ಫುಜಿಸಾವಾ ದೇಶದ 50 ಸಾವಿರಕ್ಕೂ ಹೆಚ್ಚು ಸೈಕಲ್ ಅಂಗಡಿಗಳಿಗೆ ಕಾಗದ ಬರೆದರು. ಮೋಟಾರು ಅಂಗಡಿಗಳನ್ನು ಬಿಟ್ಟು ಊರೂರಿನ ಸೈಕಲ್ ಅಂಗಡಿಯವನನ್ನು ನಂಬಿದ ಈ ನಡೆ ಕಂಪೆನಿಯನ್ನು ಮನೆಮನೆಗೆ ಮುಟ್ಟಿಸಿತು.

ಗುಡ್ಡದ ಪ್ರಶ್ನೆಗೆ ಹೋಂಡಾ ಅವರು ಕೊಟ್ಟ ಸಮರ್ಪಕ ಉತ್ತರ 1958ರ ಸೂಪರ್ ಕಬ್. ಶ್ಯಾವಿಗೆಯಂಥ ಸೋಬಾ ಊಟವನ್ನು ಮನೆಗಳಿಗೆ ಒಯ್ಯುವ ಹೋಟೆಲಿನ ಹುಡುಗ ಒಂದು ಕೈಯಲ್ಲಿ ತಟ್ಟೆಗಳನ್ನು ಹಿಡಿದು ಇನ್ನೊಂದು ಕೈಯಲ್ಲಿ ನಡೆಸುವಂತಿರಬೇಕೆಂಬುದು ಅವರ ಅಳತೆಗೋಲಾಗಿತ್ತು. ಆದುದರಿಂದ ಎಡಗೈಗೆ ಕ್ಲಚ್ಚೇ ಇಲ್ಲ. ಎಂಜಿನ್ ವೇಗ ಪಡೆದಾಗ ತಿರುಗುವ ತೂಕಗಳು ಹೊರಕ್ಕೆ ಸಿಡಿದು ತಾವಾಗಿಯೇ ಕ್ಲಚ್ಚನ್ನು ಕೂಡಿಸುತ್ತವೆ; ಮೂರು ಗೇರುಗಳನ್ನು ಕಾಲಿನಿಂದಲೇ ಬದಲಿಸಬಹುದು. 2017ರ ಹೊತ್ತಿಗೆ ಆ ಸಾಲಿನ ಗಾಡಿಗಳ ಒಟ್ಟು ಸಂಖ್ಯೆ 10 ಕೋಟಿ ಮುಟ್ಟಿತು.

ಹಟದ ಮತ್ತೊಂದು ಮುಖ

ದೊಡ್ಡವರ ಬಾಳನ್ನು ಬರೆಯುವಾಗ ಗುಣಗಳನ್ನಷ್ಟೇ ಹೇಳಿದರೆ ಅದು ಅರ್ಧ ಸತ್ಯ. ಹೋಂಡಾ ಮುಂಗೋಪಿಗಳು. ಕೆಲಸ ಕೆಟ್ಟರೆ ಕೈಯಲ್ಲಿದ್ದ ಸ್ಪ್ಯಾನರನ್ನೇ ಎಸೆಯುತ್ತಿದ್ದರು. ಕೆಲಸಗಾರರ ಮೇಲೆ ಕೈ ಮಾಡಿದ್ದೂ ಉಂಟು. ಗೆಲುವು ಆ ಹಟವನ್ನು ಇನ್ನೂ ಬಲಪಡಿಸಿತು. 1954ರಲ್ಲಿ ಕಂಪೆನಿ ಸಂಕಟದಲ್ಲಿದ್ದಾಗಲೇ ಇಂಗ್ಲೆಂಡಿನ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಮೋಟಾರ್‌ಸೈಕಲ್ ಪಂದ್ಯದಲ್ಲಿ ಗೆಲ್ಲುವೆನೆಂದು ಸಾರಿದರು. 1959ರಲ್ಲಿ ಅಲ್ಲಿಗೆ ಹೋದರು. 1961ರಲ್ಲಿ 125 ಮತ್ತು 250 ಸಿ.ಸಿ. ಎರಡೂ ವಿಭಾಗಗಳಲ್ಲಿ ಮೊದಲ ಐದು ಸ್ಥಾನಗಳು ಹೋಂಡಾ ಗಾಡಿಗಳ ಪಾಲಾದವು.

ಆದರೆ ಕಾರುಗಳ ವಿಷಯದಲ್ಲಿ ಅದೇ ಹಟ ಕುತ್ತು ತಂದಿತು. ಎಂಜಿನ್ನನ್ನು ಗಾಳಿಯಿಂದಲೇ ತಂಪುಮಾಡಬೇಕು, ನೀರು ಬೇಡ ಎಂಬುದು ಅವರ ವಾದ. ಕಿರಿಯ ಎಂಜಿನಿಯರುಗಳು ಒಪ್ಪಲಿಲ್ಲ. 1968ರಲ್ಲಿ ಫ್ರಾನ್ಸಿನ ಪಂದ್ಯದಲ್ಲಿ ಗಾಳಿಯಿಂದ ತಂಪಾಗುವ ಹೋಂಡಾ ಕಾರು ಅಪಘಾತಕ್ಕೀಡಾಗಿ ಹೊತ್ತಿ ಉರಿದು ಚಾಲಕ ಜೋ ಶ್ಲೆಸರ್ ತೀರಿಕೊಂಡರು. ಆಮೇಲೂ ವಾದ ಮುಂದುವರಿಯಿತು. ಕೊನೆಗೆ ಫುಜಿಸಾವಾ ಅವರು, ಹೋಂಡಾ ಕಂಪೆನಿಯ ಅಧ್ಯಕ್ಷರಾಗಿರಬಯಸುವರೋ ಎಂಜಿನಿಯರಾಗಿಯೇ ಉಳಿಯಬಯಸುವರೋ ಎಂದು ಕೇಳಿದರು. ಹೋಂಡಾ ಅಧ್ಯಕ್ಷತನವನ್ನು ಆರಿಸಿ, ಕಿರಿಯರಿಗೆ ದಾರಿ ಬಿಟ್ಟುಕೊಟ್ಟರು. 1972ರಲ್ಲಿ ಆ ಕಿರಿಯರು ಕಡಿಮೆ ಹೊಗೆಯ ಸಿ.ವಿ.ಸಿ.ಸಿ. ಎಂಜಿನ್ನನ್ನು ತಯಾರಿಸಿದರು. ದೊಡ್ಡ ಕಂಪೆನಿಗಳನ್ನು ಸೋಲಿಸುವ ಅವಕಾಶವೆಂದು ಹೋಂಡಾ ಹಿಗ್ಗಿದಾಗ, ಅದು ಜನರ ಆರೋಗ್ಯಕ್ಕಾಗಿ ಮಾಡಿದ ಕೆಲಸವೆಂದು ಕಿರಿಯರು ನೆನಪಿಸಿದರು. ತಮಗಿಂತ ಅವರು ಮುಂದೆ ನೋಡುತ್ತಿದ್ದಾರೆಂದು ಕಂಡುಕೊಂಡ ಹೋಂಡಾ 1973ರಲ್ಲಿ ಫುಜಿಸಾವಾ ಅವರೊಡನೆ ಅಧಿಕಾರದಿಂದ ಇಳಿದರು. ಮಗನನ್ನು ಪೀಠದಲ್ಲಿ ಕೂರಿಸಲಿಲ್ಲ. ಆ ಮೇಲೆ ದೇಶದ ಸುಮಾರು 700 ಕಡೆಗಳಲ್ಲಿದ್ದ ಕಾರಖಾನೆ, ಮಾರಾಟದ ಅಂಗಡಿಗಳಿಗೆ ತಾವೇ ಹೋಗಿ ಕೆಲಸಗಾರರ ಕೈಕುಲುಕಿ ಕೃತಜ್ಞತೆ ಹೇಳಿಬಂದರು.

ಬೆಲ್ಟು ಮರಳಿ ಬಂತು

ಒಮ್ಮೆ ಕೈಬಿಟ್ಟ ಬೆಲ್ಟು ಬೇರೊಂದು ರೂಪದಲ್ಲಿ ಮರಳಿ ಬಂದದ್ದು ಈ ಕಥೆಯ ಸ್ವಾರಸ್ಯ. ಪುಲ್ಲಿಯನ್ನು ಎರಡು ತಟ್ಟೆಗಳಾಗಿ ಸೀಳಿ, ಅವುಗಳ ಅಂತರವನ್ನು ಬದಲಿಸಿದರೆ ಬೆಲ್ಟು ಕೂರುವ ಎತ್ತರವೂ ಬದಲಾಗುತ್ತದೆ ಎಂಬ ಉಪಾಯ ಹೋಂಡಾ ಅವರದಲ್ಲ. ಮೊದಲ ಮಹಾಯುದ್ಧಕ್ಕೂ ಮುಂಚೆಯೇ ಇಂಗ್ಲೆಂಡಿನ ಕೆಲವು ಮೋಟಾರ್‌ಸೈಕಲುಗಳಲ್ಲಿ ಕೈಸನ್ನೆಯಿಂದ ನಡೆಸುವ ಇಂಥ ಪುಲ್ಲಿಗಳಿದ್ದವು. ಹಾಲೆಂಡಿನ ಹುಬ್ ವಾನ್ ಡೋರ್ನೆ 1958ರಲ್ಲಿ ಅದನ್ನು ತಾನಾಗಿಯೇ ಬದಲಾಗುವಂತೆ ಮಾಡಿ ಡಾಫ್ ಕಾರಿಗೆ ಅಳವಡಿಸಿ ಜಗತ್ತಿಗೆ ತೋರಿಸಿದರು.

ಇಂದಿನ ಸ್ಕೂಟರಿನಲ್ಲಿ ಎಂಜಿನ್ ಬದಿಯ ಪುಲ್ಲಿಯ ಹಿಂದೆ ಸಣ್ಣ ಉರುಳೆಗಳಿವೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಸರಿದು ತಟ್ಟೆಗಳನ್ನು ಹತ್ತಿರಕ್ಕೆ ಒತ್ತುತ್ತವೆ. ಬೆಲ್ಟು ಅಂಚಿನತ್ತ ಏರುತ್ತದೆ, ಅಂದರೆ ಆ ಪುಲ್ಲಿ ದೊಡ್ಡದಾದಂತೆ. ಅದೇ ಹೊತ್ತಿಗೆ ಹಿಂದಿನ ಪುಲ್ಲಿಯ ತಟ್ಟೆಗಳು ಸ್ಪ್ರಿಂಗನ್ನು ಒತ್ತಿಕೊಂಡು ಅಗಲುತ್ತವೆ, ಬೆಲ್ಟು ಅಲ್ಲಿ ಒಳಕ್ಕಿಳಿಯುತ್ತದೆ. ಗುಡ್ಡದಲ್ಲಿ ಇದೆಲ್ಲ ತಿರುಗುಮುರುಗಾಗಿ ನಡೆದು ಬಲ ಕೂಡುತ್ತದೆ. ಮೆಟ್ಟಿಲಿಲ್ಲದ ಗೇರು ಇದು. ನಮ್ಮ ದೇಶದಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ, 2001ರಲ್ಲಿ ಬಂದ ಆಕ್ಟಿವಾ ಈ ಬಗೆಯವು. ಎಡಗೈಯಿಂದ ಕ್ಲಚ್ ಹಿಡಿದು ಗೇರು ತಿರುಗಿಸಬೇಕಾಗಿದ್ದ ಹಳೆಯ ಸ್ಕೂಟರುಗಳನ್ನು ದೂರದಿಂದಲೇ ನೋಡುತ್ತಿದ್ದ ಎಷ್ಟೋ ಮಂದಿ ಮಹಿಳೆಯರು ಇವುಗಳನ್ನು ಧೈರ್ಯದಿಂದ ಏರಿದರು. ಬಸ್ಸು ಅಪರೂಪವಾದ ಒಳದಾರಿಗಳಲ್ಲಿ ವಾಸಿಸುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಹೋಂಡಾ ಅವರು 1991ನೇ ಆಗಸ್ಟ್ 5ರಂದು, 84ರ ಪ್ರಾಯದಲ್ಲಿ ತೀರಿಕೊಂಡರು. ಗಾಡಿ ಮಾಡಿ ಬದುಕಿದವನ ಶವಸಂಸ್ಕಾರದಿಂದ ರಸ್ತೆಯಲ್ಲಿ ಗಾಡಿಗಳಿಗೆ ಅಡ್ಡಿಯಾಗಬಾರದೆಂದು, ಕಂಪೆನಿಯ ವತಿಯಿಂದ ದೊಡ್ಡ ಅಂತ್ಯಕ್ರಿಯೆ ಬೇಡವೆಂದು ಮೊದಲೇ ತಿಳಿಸಿದ್ದರು.

ಪ್ರಮಾಣಪತ್ರವಿಲ್ಲದೆ ಮೇಲೆ ಬಂದ ಇವರ ಕಥೆಯನ್ನು ಹೇಳಿ ಶಾಲೆ ಬೇಡವೆನ್ನುವವರಿದ್ದಾರೆ. ಅದು ಸರಿಯಲ್ಲ. ಬೇಕಾದ ವಿದ್ಯೆ ತಮ್ಮಲ್ಲಿಲ್ಲವೆಂದು ಕಂಡೊಡನೆ ಮೂವತ್ತರಲ್ಲಿ ಮತ್ತೆ ಬೆಂಚಿನ ಮೇಲೆ ಕುಳಿತವರು ಅವರು. ಹಾಗೆಯೇ, ಅಂಕ ಕಡಿಮೆ ಬಂದ ಮಗು ಸೈಕಲ್ ಬಿಚ್ಚಿ ಜೋಡಿಸುತ್ತಿದ್ದರೆ ಅದನ್ನು ಕೆಲಸಕ್ಕೆ ಬಾರದ ಮಗುವೆಂದು ಬೈಯುವ ಹೆತ್ತವರೂ ಒಮ್ಮೆ ಯೋಚಿಸಬೇಕು. ಕೈಗೆ ಬಂದ ಕಸುಬು ಮತ್ತು ಪುಸ್ತಕದಿಂದ ಬಂದ ತಿಳಿವು ಒಂದಕ್ಕೊಂದು ವಿರೋಧಿಗಳಲ್ಲ. ನಮ್ಮ ಮನೆಗಳಲ್ಲಿ ಈ ಎರಡಕ್ಕೂ ಸಮನಾದ ಮರ್ಯಾದೆ ಸಿಗುವ ದಿನ ಬೇಗ ಬರಲೆಂದು ನಾವು ಹಾರೈಸುತ್ತೇವೆ.